ಮುನ್ನೂರ ಹದಿನೆಂಟನೇ ನಂಬರು

ಗುಣುಗುಣಮ್ಮನನ್ನು ಕೆಲಸದಿಂದ ಬಿಡಿಸಬೇಕೆಂದು ನಾನು ತೀರ್ಮಾನಿಸಿದ್ದು ಒಂದು ಗುರುವಾರ ಮಧ್ಯಾಹ್ನ. ಸೋಮವಾರ ಬೆಳಗ್ಗೆ ಬಂದ ಕೂಡಲೇ ಹೇಳಿಬಿಡುವುದು, ಕಾರಣ ಕೇಳಿದರೆ ಎದುರಂಗಡಿಯತ್ತ ಬೆರಳು ತೋರಿಸುವುದು, ಅಷ್ಟೇ. ಅವಳ ಜಾಗಕ್ಕೆ ಇನ್ನೊಬ್ಬಳನ್ನು ನೋಡಿಟ್ಟೂ ಆಗಿತ್ತು. ನನ್ನ ಲಾಂಡ್ರಿಯ ಇಸ್ತ್ರಿ ಕೆಲಸ ಬಿಟ್ಟರೆ ಅವಳಿಗೆ ಬೇರೆ ಆಸರೆ ಇಲ್ಲವೆಂಬುದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಮನಸ್ಸು ಕಲ್ಲು ಮಾಡಿಕೊಂಡಿದ್ದೆ.

ಲಾಂಡ್ರಿ ನನ್ನ ಗಂಡ ಕಟ್ಟಿದ್ದು. ಮುಂದೆ ಕೌಂಟರು, ಅದರ ಹಿಂದೆ ಬಟ್ಟೆ ನೇತುಹಾಕುವ ಕಬ್ಬಿಣದ ಸರಳು, ಒಳಗೆ ಎರಡು ದೊಡ್ಡ ಯಂತ್ರ, ಕಿಟಕಿಯ ಪಕ್ಕ ಇಸ್ತ್ರಿ ಮೇಜು. ಗಿರಾಕಿಗಳಿಗೆ ನಮ್ಮಲ್ಲಿ ಹೆಸರಿಲ್ಲ. ಒಬ್ಬೊಬ್ಬರಿಗೆ ಒಂದೊಂದು ನಂಬರು, ಒಮ್ಮೆ ಕೊಟ್ಟರೆ ಕೊನೆಯವರೆಗೂ ಅದೇ. ಅಳಿಸಲಾಗದ ಮಸಿಯಲ್ಲಿ ಕಾಲರಿನ ಒಳಗೆ ಬರೆಯುತ್ತೇವೆ. ಒಗೆಯುವ ಮೊದಲು ಎಲ್ಲ ಜೇಬುಗಳನ್ನೂ ಹೊರಗೆ ಮಗುಚಿ ನೋಡಬೇಕು. ಏನಾದರೂ ಸಿಕ್ಕಿದರೆ ಲಕೋಟೆಗೆ ಹಾಕಿ, ಮೇಲೆ ನಂಬರು ಬರೆದು, ಬಟ್ಟೆಗೆ ಪಿನ್ನು ಚುಚ್ಚಬೇಕು. ಕಾಗದ ಸಿಕ್ಕಿದರೆ ಓದಕೂಡದು. ಇದು ನಮ್ಮವರ ಕಟ್ಟಪ್ಪಣೆ. ಇಪ್ಪತ್ತೆಂಟು ವರ್ಷದಲ್ಲಿ ನಾನು ಒಂದು ಕಾಗದವನ್ನೂ ಬಿಚ್ಚಿ ಓದಿದವಳಲ್ಲ. ಹೊರಗಿನಿಂದ ನೋಡಿ ಊಹೆ ಮಾಡಿದ್ದುಂಟು, ಅದು ಬೇರೆ ಮಾತು.

ಒಂದನೇ ನಂಬರು ನಮ್ಮ ಮನೆಯದೇ. ಅವರು ತೀರಿಕೊಂಡು ಎರಡು ವರ್ಷ ದಾಟಿದ್ದರೂ ಅವರ ನಾಲ್ಕು ಬಿಳಿ ಅಂಗಿಗಳನ್ನು ಪ್ರತಿ ಮಂಗಳವಾರ ನಾನು ಯಂತ್ರಕ್ಕೆ ಹಾಕುತ್ತಿದ್ದೆ. ಇಸ್ತ್ರಿಯಾಗಿ ಬಂದ ಮೇಲೆ ಸರಳಿನ ಮೊದಲ ಕೊಕ್ಕೆಯಲ್ಲಿ ನೇತುಹಾಕುತ್ತಿದ್ದೆ. ಯಾರಾದರೂ ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು: ಒಂಟಿ ಹೆಂಗಸಿನ ಅಂಗಡಿ ಎಂದು ಗೊತ್ತಾದರೆ ಜನ ತಲೆಯ ಮೇಲೆ ಹತ್ತಿ ಕೂರುತ್ತಾರೆ, ಗಂಡಸಿನ ಅಂಗಿ ನಾಲ್ಕು ಕಾಣುತ್ತಿರಲಿ. ಆದರೆ ಯಾರೂ ಕೇಳಲಿಲ್ಲ. ಯಾರೂ ಗಮನಿಸಿಲ್ಲ ಎಂದೇ ಅಂದುಕೊಂಡಿದ್ದೆ.

ಗುಣುಗುಣಮ್ಮ ಎಂಬುದು ಯಂತ್ರದ ಹತ್ತಿರ ಕೆಲಸ ಮಾಡುವ ಹೆಂಗಸರು ಇಟ್ಟ ಹೆಸರು. ಇಸ್ತ್ರಿ ಪೆಟ್ಟಿಗೆ ಕೈಗೆ ಬಂದರೆ ಸಾಕು, ಅವಳ ತುಟಿ ಅಲ್ಲಾಡಲು ಶುರುವಾಗುತ್ತಿತ್ತು. ಒಂದು ಅಂಗಿ ಮುಗಿಸುವಳು, ಇನ್ನೊಂದನ್ನು ಎಳೆದುಕೊಂಡು ಕಾಲರು ತಿರುವಿ ನಂಬರು ನೋಡುವಳು, ಮತ್ತೆ ಗುಣುಗುಣು. ಹಾಡೋ ಅಂದರೆ ಹಾಡಲ್ಲ, ಬೈಗುಳವೋ ಅಂದರೆ ಮುಖದಲ್ಲಿ ಸಿಟ್ಟಿಲ್ಲ. ನಾನು ಹತ್ತಿರ ಹೋದರೆ ಬಾಯಿ ಮುಚ್ಚುವಳು. ಹತ್ತಿರ ಹೋದಾಗ ಬಾಯಿ ಮುಚ್ಚುವವರ ಬಗ್ಗೆ ನೀವೇನು ತಿಳಿಯುತ್ತೀರೋ ನನಗೆ ಗೊತ್ತಿಲ್ಲ, ನಾನಂತೂ ಒಳ್ಳೆಯದನ್ನು ತಿಳಿಯುವುದಿಲ್ಲ.

ಅವಳು ಬಂದದ್ದೇ ಪಾದ್ರಿಯ ಕಾಗದ ಹಿಡಿದುಕೊಂಡು. ಎಂಟು ವರ್ಷದ ಮಗಳು ನಾಲ್ಕೇ ದಿನದ ಜ್ವರಕ್ಕೆ ಹೋಯಿತು, ಆಮೇಲೆ ಗಂಡ ಮನೆ ಬಿಟ್ಟು ಹೋದವನು ಪತ್ತೆಯಿಲ್ಲ, ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಾಳೆ, ನಂಬಿಕಸ್ಥೆ ಎಂದೆಲ್ಲ ಬರೆದಿತ್ತು. ನಂಬಿಕಸ್ಥೆ ಎಂದು ಬರೆಸಿಕೊಂಡು ಬರುವವರನ್ನು ಕಂಡರೆ ನನಗೆ ಮೊದಲೇ ಅನುಮಾನ. ಕೈ ಸಾಲದೆ ಸೇರಿಸಿಕೊಂಡೆ. ನಾನೂ ಅದೇ ಚರ್ಚಿನವಳೇ. ಆದರೆ ಗಂಡನನ್ನು ಮಣ್ಣು ಮಾಡಿದ ದಿನ ಆ ಮೆಟ್ಟಿಲು ಇಳಿದವಳು ಮತ್ತೆ ಹತ್ತಿರಲಿಲ್ಲ. ಹತ್ತು ತಿಂಗಳು ಆಸ್ಪತ್ರೆಯ ಮಂಚದ ಪಕ್ಕ ಮೊಣಕಾಲೂರಿ ಬೇಡಿಕೊಂಡಿದ್ದೆ. ಕೇಳಿಸಿಕೊಳ್ಳದವನ ಮನೆಗೆ ಹೋಗಿ ಏನು ಮಾಡುವುದು?

ಇಷ್ಟೆಲ್ಲ ಕಳೆದುಕೊಂಡ ಹೆಂಗಸು ಒಂದು ದಿನವಾದರೂ ಅಳಬೇಕಲ್ಲ, ಅಳುವುದಿಲ್ಲ. ತಡವಾಗಿ ಬರುವುದಿಲ್ಲ, ತಲೆನೋವು ಎನ್ನುವುದಿಲ್ಲ. ಮಧ್ಯಾಹ್ನ ಅರ್ಧ ಗಂಟೆ ಚರ್ಚಿಗೆ ಹೋಗಿ ಬರುವಳು, ಬಂದಾಗ ಮುಖ ತೊಳೆದಂತಿರುತ್ತಿತ್ತು. ಅದೇ ನನ್ನನ್ನು ಕೆಣಕಿದ್ದು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಅಲ್ವೇ, ನಿನಗೆ ದೇವರ ಮೇಲೆ ಸಿಟ್ಟು ಬರೋದೇ ಇಲ್ವಾ?"

"ಬರುತ್ತೆ ಅಮ್ಮ," ಅಂದಳು ಇಸ್ತ್ರಿಯಿಂದ ಕಣ್ಣೆತ್ತದೆ. "ಬಂದಾಗ ಅವನ ಹತ್ರಾನೇ ಹೇಳ್ತೀನಿ. ಇನ್ಯಾರ ಹತ್ರ ಹೇಳಲಿ?"

ಎಷ್ಟು ನುಣುಪಾದ ಉತ್ತರ ನೋಡಿ! ಇಷ್ಟು ನುಣ್ಣಗೆ ಮಾತಾಡುವವಳು ಒಳಗೆ ಏನೋ ಮಸೆಯುತ್ತಿರಬೇಕು ಎಂದುಕೊಂಡೆ. ಮಾರನೆಯ ದಿನ ನನ್ನ ಕಿವಿಯ ಓಲೆಯೊಂದನ್ನು ಯಾರೋ ಬಿಟ್ಟುಹೋದ ಕೋಟಿನ ಜೇಬಿನಲ್ಲಿಟ್ಟು ಒಗೆಯುವ ಬುಟ್ಟಿಗೆ ಹಾಕಿದೆ. ಜೇಬು ನೋಡುವ ಕೆಲಸ ಅವಳದೇ. ಸಂಜೆಗೆ ಲಕೋಟೆ ಬಂತು, ಒಳಗೆ ಓಲೆ, ಓಲೆಯ ತಿರುಪು ಬೇರೆಯಾಗಿ ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಕೊಂಡಿತ್ತಂತೆ, ಅದನ್ನೂ ಹುಡುಕಿ ಹಾಕಿದ್ದಳು. ನನಗೆ ನೆಮ್ಮದಿಯಾಗಬೇಕಿತ್ತು. ಸಣ್ಣದನ್ನು ವಾಪಸು ಕೊಟ್ಟು ದೊಡ್ಡದಕ್ಕೆ ಕಣ್ಣು ಹಾಕಿದ್ದಾಳೆ ಎಂದು ಇನ್ನಷ್ಟು ತಲೆಗೆ ಹುಳ ಬಿಟ್ಟುಕೊಂಡೆ.

ಆ ದೊಡ್ಡದು ಯಾವುದೆಂದು ಆರು ತಿಂಗಳ ಮೇಲೆ ಗೊತ್ತಾದಂತಾಯಿತು. ಎದುರು ಸಾಲಿನಲ್ಲಿ ಹೊಸ ಲಾಂಡ್ರಿ ಬಂತು. ಅದರ ಯಜಮಾನನಿಗೆ ನಾನಿಟ್ಟ ಹೆಸರು ನಗೆಪ್ಪ. ಅವನು ಗಿರಾಕಿ ಬಂದರೂ ನಗುವವನು, ಬರದಿದ್ದರೂ ನಗುವವನು. ಎರಡು ತಿಂಗಳಲ್ಲಿ ನನ್ನ ಒಂಬತ್ತು ನಂಬರುಗಳು ಕಾಣೆಯಾದವು. ಯಾರು ಒಯ್ದು ಕೊಡುತ್ತಿದ್ದಾರೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಆಗ ನನ್ನ ನಾದಿನಿ ಬಂದು ಕಿವಿ ಊದಿದಳು. ಅವಳು ದಾರಿಯಲ್ಲಿ ಕಂಡದ್ದನ್ನೆಲ್ಲ ಹೊತ್ತು ತರುವವಳು. ಎಪ್ಪತ್ತೊಂದನೇ ನಂಬರಿನ ಮುದಿ ಮೇಷ್ಟರ ಮನೆಯಿಂದ ಗುಣುಗುಣಮ್ಮ ಹೊರಗೆ ಬರುವುದನ್ನು ಎರಡು ಸಲ ನೋಡಿದಳಂತೆ. ಆ ಮೇಷ್ಟರು ಬಟ್ಟೆ ಕೊಡುವುದು ನಿಲ್ಲಿಸಿ ಮೂರು ವಾರವಾಗಿತ್ತು.

"ಅತ್ತಿಗೆ, ಅವಳ ಏಪ್ರನ್ ಜೇಬಲ್ಲಿ ಒಂದು ಪುಸ್ತಕ ಇದೆ, ನೋಡಿದೀರಾ? ಅದರಲ್ಲಿ ಬರೀ ನಂಬರು. ನಿಮ್ಮ ಅನ್ನ ತಿಂದು ನಿಮ್ಮ ಗಿರಾಕೀನೇ ಮಾರ್ತಿದಾಳೆ."

ಅದೇ ಆ ಗುರುವಾರ. ನನ್ನ ಎದೆಯಲ್ಲಿ ಉರಿದದ್ದು ಅಂಗಡಿ ಮುಳುಗುತ್ತದೆಂಬ ಭಯ ಒಂದೇ ಅಲ್ಲ. ಕೊನೆಗೂ ನನ್ನ ಅನುಮಾನವೇ ನಿಜವಾಯಿತಲ್ಲ ಎಂಬ ಒಂದು ಬಗೆಯ ಖುಷಿಯೂ ಇತ್ತು. ಈಗ ಹೇಳಲು ನಾಚಿಕೆಯಾಗುತ್ತದೆ.

ಶನಿವಾರ ನಮ್ಮಲ್ಲಿ ಅರ್ಧ ದಿನ. ಕೆಲಸದವರೆಲ್ಲ ಹೋದ ಮೇಲೆ ಅವರ ಏಪ್ರನ್ನುಗಳನ್ನು ನಾನೇ ಯಂತ್ರಕ್ಕೆ ಹಾಕುವುದು. ಅಭ್ಯಾಸದಂತೆ ಜೇಬು ಮಗುಚಿದೆ. ಗುಣುಗುಣಮ್ಮನ ಏಪ್ರನ್ನಿನಿಂದ ಪುಸ್ತಕ ಕೆಳಗೆ ಬಿತ್ತು. ಊರವರ ಜೇಬನ್ನೆಲ್ಲ ತಡಕಾಡುವವಳು ತನ್ನ ಜೇಬು ನೋಡುವುದನ್ನು ಮರೆತಿದ್ದಳು. ನಮ್ಮ ಕಸುಬಿನಲ್ಲಿ ಇದು ಎಲ್ಲರಿಗೂ ಆಗುವ ತಪ್ಪು, ನನಗೇ ಎರಡು ಸಲ ಆಗಿದೆ. ನಮ್ಮವರ ಕಟ್ಟಪ್ಪಣೆ ನೆನಪಿಗೆ ಬಂತು. ಕಳ್ಳಿಯ ಕಾಗದಕ್ಕೆ ಆ ಮಾತು ಅನ್ವಯಿಸುವುದಿಲ್ಲ ಎಂದುಕೊಂಡು ಬಾಗಿಲ ಚಿಲಕ ಹಾಕಿ ಕೂತು ಬಿಚ್ಚಿದೆ.

ನಂಬರುಗಳೇ. ಪುಟದ ತುಂಬ ನನ್ನ ಗಿರಾಕಿಗಳ ನಂಬರು. ಹೋದ ಒಂಬತ್ತಕ್ಕೂ ಸುತ್ತು ಹಾಕಿತ್ತು. ಸಿಕ್ಕಿಬಿದ್ದಳು ಅಂದುಕೊಂಡೆ. ಆಮೇಲೆ ಮುಂದಿನ ಅಕ್ಷರ ಓದಿದೆ.

"ಎಪ್ಪತ್ತೊಂದು: ಮೂರು ವಾರದಿಂದ ಬಟ್ಟೆ ಇಲ್ಲ. ಹೋಗಿ ನೋಡಿದೆ. ಮೇಷ್ಟರು ಹಾಸಿಗೆ ಹಿಡಿದಿದ್ದಾರೆ. ಯೇಸಪ್ಪ, ಎದ್ದು ಕೂರುವಷ್ಟು ಶಕ್ತಿ ಕೊಡು."

"ಇನ್ನೂರ ಹತ್ತು: ತೋಳಿನ ಮೇಲೆ ಮತ್ತೆ ಔಷಧಿ ಕಲೆ. ಮನೆಯಲ್ಲಿ ಯಾರಿಗೆ ಹುಷಾರಿಲ್ಲವೋ ನಿನಗೆ ಗೊತ್ತು."

"ನೂರ ನಾಲ್ಕು: ಗುಂಡಿಯ ವಿಷಯಕ್ಕೆ ಅಮ್ಮ ಬೈದರು, ಎದುರಂಗಡಿಗೆ ಹೋದರು. ಅವರ ಸಿಟ್ಟೂ ಇಳಿಯಲಿ, ಅಮ್ಮನ ಸಿಟ್ಟೂ ಇಳಿಯಲಿ."

ಸುತ್ತು ಹಾಕಿದ ಒಂಬತ್ತರಲ್ಲಿ ಆರಕ್ಕೆ ನನ್ನ ಬಾಯಿಯೇ ಕಾರಣವೆಂದು ಬರೆದಿತ್ತು. ಮೈ ಉರಿಯಿತು. ಸುಳ್ಳು ಎನ್ನಲು ಹೊರಟೆ, ಒಬ್ಬೊಬ್ಬರಿಗೂ ನಾನು ಆಡಿದ ಮಾತು ನೆನಪಾಯಿತು. ಆಗಲೂ ಅನುಮಾನ ಸಾಯಲಿಲ್ಲ. ನಾನು ಓದಲೆಂದೇ ಬರೆದು ಜೇಬಿನಲ್ಲಿ ಬಿಟ್ಟುಹೋಗಿರಬಹುದಲ್ಲ? ಹಿಂದಕ್ಕೆ ತಿರುವುತ್ತ ಮೊದಲ ಪುಟಕ್ಕೆ ಬಂದೆ. ಪುಸ್ತಕದ ಮೂಲೆ ಸವೆದಿತ್ತು, ಮಸಿ ಮಾಸಿತ್ತು. ಒಂದೂವರೆ ವರ್ಷದ ಹಳೆಯ ಬರಹ.

"ಒಂದು: ನಾಲ್ಕು ಅಂಗಿ. ಕಾಲರಿನಲ್ಲಿ ಕೊಳೆ ಇಲ್ಲ. ಬೆವರಿಲ್ಲ."

ಮುಂದಿನ ವಾರ: "ಒಂದು: ಈ ಸಲವೂ ಹಾಗೇ."

ಮತ್ತೊಂದು ವಾರ: "ಒಂದು: ಹಾಗೇ. ಯೇಸಪ್ಪ, ಅಮ್ಮ ನಿನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ನೀನು ಬಿಡಬೇಡ. ಅಂಗಿ ಒಗೆದದ್ದು ಸಾಕು ಎಂದು ಯಾರೂ ಅವರಿಗೆ ಹೇಳದಿರಲಿ."

ಪ್ರತಿ ವಾರವೂ ಇತ್ತು. ಒಂದು ವಾರವೂ ತಪ್ಪಿರಲಿಲ್ಲ. ಅವಳು ಒಂದೂವರೆ ವರ್ಷ ಯಾರೂ ತೊಡದ ಅಂಗಿಗೆ ಇಸ್ತ್ರಿ ಹಾಕಿದ್ದಳು, ತುಟಿ ಪಿಟಕ್ಕೆನ್ನದೆ ತಂದು ಕೊಟ್ಟಿದ್ದಳು. ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ದುಃಖದಲ್ಲಿ ಮೂಗು ತೂರಿಸಲು ಇವಳಾರು? ಆಮೇಲೆ ಅಳು ಬಂತು. ಮಣ್ಣು ಮಾಡಿದ ದಿನವೂ ಹಲ್ಲು ಕಚ್ಚಿ ನಿಂತವಳು ನಾನು. ಅವತ್ತು ಖಾಲಿ ಯಂತ್ರವನ್ನು ಚಾಲೂ ಮಾಡಿ, ಆ ಸದ್ದಿನಲ್ಲಿ ಬಿಕ್ಕಿ ಬಿಕ್ಕಿ ಅತ್ತೆ.

ಸಾವರಿಸಿಕೊಂಡು ಪುಸ್ತಕವನ್ನು ಲಕೋಟೆಗೆ ಹಾಕಿದೆ. ಮೇಲೆ ನಂಬರು ಬರೆಯಬೇಕಲ್ಲ, ಅವಳಿಗೆ ನಂಬರಿರಲಿಲ್ಲ. ಪುಸ್ತಕವನ್ನು ಮತ್ತೊಮ್ಮೆ ತೆಗೆದು ಮೊದಲಿನಿಂದ ಕೊನೆಯವರೆಗೆ ಹುಡುಕಿದೆ. ನಮ್ಮ ಅಂಗಡಿಯ ಮುನ್ನೂರ ಹದಿನೇಳು ನಂಬರುಗಳೂ ಇದ್ದವು, ಅವಳದೆಂದು ಒಂದು ಸಾಲೂ ಇರಲಿಲ್ಲ. ಮಸಿ ಅದ್ದಿ ಲಕೋಟೆಯ ಮೇಲೆ ಮುನ್ನೂರ ಹದಿನೆಂಟು ಎಂದು ಬರೆದೆ. ಹೊಸಬಳಿಗೆ ಬರಬೇಡವೆಂದು ಹೇಳಿ ಕಳಿಸಿದೆ.

ಸೋಮವಾರ ಲಕೋಟೆ ಚುಚ್ಚಿದ ಏಪ್ರನ್ನು ನೋಡಿ ಗುಣುಗುಣಮ್ಮನ ಮುಖ ಬಿಳಿಚಿಕೊಂಡಿತು.

"ಓದಿದ್ರಾ ಅಮ್ಮ?"

ಇಲ್ಲ ಅನ್ನಬಹುದಿತ್ತು. "ಓದಿದೆ," ಅಂದೆ.

ಅವಳು ಲಕೋಟೆಯ ಮೇಲಿನ ನಂಬರು ಯಾರದೆಂದು ಕೇಳಿದಳು. ನಿನ್ನದೇ, ನಾಳೆಯಿಂದ ನಿನ್ನ ಬಟ್ಟೆ ಇಲ್ಲಿಗೇ ತಾ, ನನ್ನಲ್ಲಿ ಕೆಲಸ ಮಾಡುವವಳು ಮನೆಯಲ್ಲಿ ಕೈಯಲ್ಲಿ ಒಗೆಯುತ್ತಾಳೆಂದರೆ ನಗೆಪ್ಪ ನಗುತ್ತಾನೆ ಎಂದೆ. ನನಗೆ ಕ್ಷಮೆ ಕೇಳುವುದು ಬರುವುದಿಲ್ಲ, ಬಂದದ್ದು ಇಷ್ಟೇ.

ನಿನಗಾಗಿ ಏನೂ ಏಕೆ ಬರೆದುಕೊಂಡಿಲ್ಲ ಎಂದು ಕೇಳಿದ್ದಕ್ಕೆ ನಿಧಾನವಾಗಿ ಹೇಳಿದಳು. ಮಗಳನ್ನು ಮಣ್ಣಿಗಿಟ್ಟ ಮೇಲೆ ಬೈಬಲನ್ನು ಪಾದ್ರಿಯ ಮುಂದೆ ಎಸೆದು ಬರಲು ಹೋಗಿದ್ದಳಂತೆ. ಪಾದ್ರಿ ಉಪದೇಶ ಮಾಡಲಿಲ್ಲ, ಕುಡಿಯಲು ನೀರು ಕೊಟ್ಟು ಬೆಂಚಿನ ಮೇಲೆ ಕೂರಲು ಬಿಟ್ಟರು. ದಿನಾ ಹೋಗಿ ಅಲ್ಲೇ ಕೂತಳು, ಬಾಯಿಂದ ಒಂದು ಮಾತು ಹೊರಡಲಿಲ್ಲ. ನಿನಗೋಸ್ಕರ ಕೇಳಲು ಆಗದಿದ್ದರೆ ಬಿಡು, ಬೇರೆ ಯಾರಿಗಾದರೂ ಕೇಳು ಎಂದರಂತೆ ಅವರು ಒಂದು ದಿನ.

"ನನಗೆ ಬೇರೆ ಯಾರು ಗೊತ್ತು ಅಮ್ಮ, ಈ ನಂಬರುಗಳು ಬಿಟ್ಟು? ಇಷ್ಟೂ ಜನಕ್ಕೆ ಕೇಳೋಷ್ಟರಲ್ಲಿ ನನ್ನ ಒಂದು ದಿನ ದಾಟಿಬಿಡುತ್ತೆ. ನಾನು ದಾಟ್ತಿಲ್ಲ, ಅವನೇ ಕೈ ಹಿಡಿದು ದಾಟಿಸ್ತಾನೆ."

ಮಂಗಳವಾರ ಅವಳು ಒಂದು ಚೀಲ ತಂದು ಕೌಂಟರಿನ ಮೇಲಿಟ್ಟು ತನ್ನ ಮೇಜಿಗೆ ಹೋದಳು. ನಾನು ಒಂದೊಂದಾಗಿ ತೆಗೆದು, ಇಲ್ಲದ ಜೇಬಿಗೂ ತಡಕಿದೆ. ಕೈಯ ಚಾಳಿ ಒಂದು ದಿನಕ್ಕೆ ಹೋಗುತ್ತದೆಯೇ? ಎರಡು ಲಂಗ, ಮೂರು ರವಿಕೆ, ಒಂದು ಹೊದಿಕೆ. ಎಲ್ಲಕ್ಕಿಂತ ಕೆಳಗೆ ಎಂಟು ವರ್ಷದ ಹುಡುಗಿಯ ಒಂದು ಹಳದಿ ಫ್ರಾಕು. ಕಾಲರು ತಿರುವಿ ನೋಡಿದೆ. ಕೊಳೆ ಇಲ್ಲ, ಬೆವರಿಲ್ಲ, ಸಾಬೂನಿನ ವಾಸನೆ ಮಾತ್ರ. ಇಸ್ತ್ರಿ ಮೇಜಿನ ಕಡೆ ಗುಣುಗುಣು ನಿಂತುಹೋಗಿತ್ತು. ಅವಳು ನನಗೆ ಬೆನ್ನು ಹಾಕಿ, ಪೆಟ್ಟಿಗೆ ಎತ್ತಿ ಹಿಡಿದುಕೊಂಡೇ ನಿಂತಿದ್ದಳು.

ಮಸಿ ಅದ್ದಿ ಆ ಪುಟ್ಟ ಕಾಲರಿನೊಳಗೆ ನಂಬರು ಬರೆದೆ. ಬರೆಯುತ್ತ ನನ್ನ ತುಟಿ ಅಲ್ಲಾಡಿತು. ಮುನ್ನೂರ ಹದಿನೆಂಟು, ಯೇಸಪ್ಪ, ಎಂದೆ. ಎರಡು ವರ್ಷದ ಮೇಲೆ ಆಡಿದ ಮಾತು, ಮುಂದಕ್ಕೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಬಣ್ಣದ ಬಟ್ಟೆಯನ್ನು ಬಿಳಿಯದರ ಜೊತೆ ಹಾಕಕೂಡದೆಂಬುದು ನಮ್ಮವರ ಇನ್ನೊಂದು ಕಟ್ಟಪ್ಪಣೆ. ಆದರೆ ಎಷ್ಟು ಸಲ ಒಗೆದಿದ್ದಳೋ, ಆ ಫ್ರಾಕಿನಲ್ಲಿ ಬಿಡುವಷ್ಟು ಬಣ್ಣವೇ ಉಳಿದಿರಲಿಲ್ಲ. ಅವರ ನಾಲ್ಕು ಅಂಗಿಗಳ ಜೊತೆಗೆ ಅದನ್ನೂ ಯಂತ್ರಕ್ಕೆ ಹಾಕಿ ಬಾಗಿಲು ಮುಚ್ಚಿದೆ.