ಹಸಿರು ಗೆರೆ, ಕೆಂಪು ಗೆರೆ

ಮದುವೆಯಾದ ಹೊಸತರಲ್ಲಿ ಒಂದು ದಿನ ನಮ್ಮ ಯಜಮಾನರು ಶರ್ಟಿಗೆ ಇಸ್ತ್ರಿ ಹಾಕುತ್ತಾ, "ನಾಳೆ ನಮ್ಮ ಸೋಡಾಬುಡ್ಡಿ ಬರ್ತಾಳೆ. ಸಿಡಿದುಹೋದ ನಕ್ಷತ್ರಗಳ ಎಕ್ಸ್-ರೇ ನೋಡೋದು ಅವಳ ಕೆಲಸ" ಅಂದರು. ಸೋಡಾಬುಡ್ಡಿ ಅಂದರೆ ಅವರ ತಂಗಿ, ದಪ್ಪ ಕನ್ನಡಕದವಳು. ನಾನು ನಾಲ್ಕನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವಳು. "ಮೇಲೆ ಯಾರ ಮೂಳೆ ಮುರಿದಿದೆಯಂತೆ?" ಅಂದುಬಿಟ್ಟೆ.

ಅಣ್ಣ ಅದನ್ನು ಅವಳ ಕಿವಿಗೆ ಹಾಕದೆ ಬಿಡುತ್ತಾರೆಯೇ? ನಾದಿನಿ ಚಪ್ಪಲಿ ಬಿಡುವಾಗಲೇ ನಗುತ್ತಿದ್ದಳು. "ಮೂಳೆ ಅಲ್ಲ ಅತ್ತಿಗೆ, ಇಡೀ ನಕ್ಷತ್ರವೇ ಒಡೆದಿದೆ. ಉಳಿದದ್ದು ಇನ್ನೂ ಕೆಂಡದ ಹಾಗೆ ಕಾದು ಹರಡ್ತಾ ಇದೆ. ಆ ಕಾವೇ ಎಕ್ಸ್-ರೇ ಆಗಿ ಬರೋದು. ನಮ್ಮ ಗಾಳಿ ಅದನ್ನ ಕೆಳಗೆ ಬಿಡಲ್ಲ. ಅದಕ್ಕೇ ದುರ್ಬೀನನ್ನೇ ಗಾಳಿ ದಾಟಿಸಿ ಮೇಲಕ್ಕೆ ಕಳಿಸಿದ್ದಾರೆ."

ಅಂಥ ಒಂದು ಉಳಿಕೆಗೆ ಅವಳು ಗಂಟುಬಿದ್ದಿದ್ದಳು. ಅದು ಸಿಡಿದು ನಾನೂರು ವರ್ಷವೂ ಆಗಿಲ್ಲ ಅಂತ ಅವಳ ವಾದ. ಅವಳಿಗೆ ಪಾಠ ಹೇಳಿದ ಪ್ರೊಫೆಸರು, ನಮ್ಮ ಮನೆಯ ಮಾತಿನಲ್ಲಿ ಗುಮ್ಮ ಮೇಷ್ಟ್ರು, ಸಾವಿರ ದಾಟಿದೆ ಅಂದರು. ತುಂಬಿದ ಸಭೆಯಲ್ಲಿ "ಹುಡುಗಿಗೆ ಅವಸರ" ಅಂತಲೂ ಅಂದರಂತೆ. ಅಲ್ಲಿಗೆ ಅವರಿಬ್ಬರಿಗೂ ಮಾತು ಬಿಟ್ಟಿತು. ಇನ್ನೊಂದು ಚಿತ್ರ ತೆಗೆಸಿ ಹಳೆಯದರ ಮೇಲಿಟ್ಟರೆ ಜಗಳ ಮುಗಿಯುತ್ತಿತ್ತು. ಆದರೆ ಅಂಚು ಕಾಣುವಷ್ಟು ಸರಿಯಲು ವರ್ಷಗಟ್ಟಲೆ ಬೇಕು. ಕಾದಳು. ಕೂದಲು ನೆರೆಯಿತು. ಅವಳ ಅಣ್ಣ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ.

ದುರ್ಬೀನಿನ ಸರದಿ ಸಿಕ್ಕ ವರ್ಷವೇ ಅವಳ ತಲೆಯೊಳಗೆ ಗಡ್ಡೆ ಬೆಳೆದು ಕಣ್ಣಿನ ನರ ಒತ್ತಿತು. ಅವಳಿಗೆ ನನ್ನ ಮುಖವೂ ಮಸುಕಾಯಿತು. ಆಪರೇಷನ್ನಿಗೆ ದಿನ ಗೊತ್ತಾಯಿತು. ಎಚ್ಚರವಾಗುವ ಖಾತ್ರಿ ಇಲ್ಲ ಅಂತ ಡಾಕ್ಟರು ಬಾಯಿಬಿಟ್ಟೇ ಹೇಳಿದರು. ಅಷ್ಟರಲ್ಲಿ ಮೇಲೆ ದುರ್ಬೀನು ಏನೋ ತೊಂದರೆಯಾಗಿ ಕೆಲಸ ನಿಲ್ಲಿಸಿ ಮಲಗಿತು. "ಅದೂ ನಿನ್ನ ಹಾಗೇ ಹಟಮಾರಿ" ಅಂದೆ. ನಗಲಿಲ್ಲ, ಊಟವನ್ನೂ ಮಾಡಲಿಲ್ಲ.

ಅಂತೂ ಅದನ್ನು ಎಬ್ಬಿಸಿದರು. ಚಿತ್ರ ಬಂದದ್ದು ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ, ಆಸ್ಪತ್ರೆಯ ಬ್ಯಾಗು ಆಗಲೇ ಬಾಗಿಲ ಹತ್ತಿರ ಬಂದಿತ್ತು. ಆಫೀಸಿನ ಜೊತೆಗಾರ್ತಿ ಫೋನಿನಲ್ಲಿ, ಎರಡನ್ನೂ ಜೋಡಿಸಿ ಕಳಿಸಿದ್ದೀನಿ ಅಂದಳು.

"ಏನು ಬಂತು ಅಂತ ನೀನು ಹೇಳಬೇಡ. ನನಗೆ ನೋವಾಗುತ್ತೆ ಅಂತ ಸುತ್ತಿಬಳಸ್ತೀಯ. ನಮ್ಮ ಅತ್ತಿಗೆಗೆ ಆ ವಿದ್ಯೆ ಬರಲ್ಲ" ಅಂದು ನಾದಿನಿ ಫೋನು ಇಟ್ಟಳು.

ಪರದೆಯ ಮೇಲೆ ಸೊಟ್ಟಬಳೆಯಂಥ ಉಂಗುರ. ಅದರ ಸುತ್ತ ನಾದಿನಿ ಮೊದಲೇ ಎಳೆದಿಟ್ಟಿದ್ದ ಎರಡು ಗೆರೆ. ಉಳಿಕೆ ಎಳೆಯದಾದರೆ ಬೇಗ ಹರಡುತ್ತದೆ. ಅಂಚು ಹೊರಗಿನ ಹಸಿರು ಗೆರೆ ಮುಟ್ಟಿದರೆ ಅವಳ ಮಾತು ನಿಜ. ಒಳಗಿನ ಕೆಂಪಿನಲ್ಲೇ ನಿಂತರೆ ಮೇಷ್ಟ್ರದ್ದು.

"ಯಾವುದು ಅತ್ತಿಗೆ?"

ಎರಡು ಸಲ ನೋಡಿದೆ. "ಕೆಂಪು."

ಅವಳ ಕೈ ನನ್ನ ಮಣಿಕಟ್ಟು ಹಿಡಿಯಿತು. "ಸುತ್ತ ಸಣ್ಣ ಚುಕ್ಕಿಗಳಿವೆ ನೋಡಿ. ಅವು ಬಹಳ ದೂರದವು, ಅಲುಗಲ್ಲ. ಹಳೇದು ಹೊಸದು ಒಂದರ ಮೇಲೊಂದು ಕೂತಿರಬೇಕು. ಜಾರಿದ್ರೆ ಜೋಡಣೆಯೇ ತಪ್ಪು, ಅಂಚೂ ಸುಳ್ಳು."

ಜಾರಿರಲಪ್ಪಾ ಅಂದುಕೊಳ್ಳುತ್ತಾ, ಮೂಗು ಪರದೆಗೆ ತಾಗುವ ಹಾಗೆ ಒಂದೊಂದನ್ನೇ ನೋಡಿದೆ. ಮೂಲೆಯವನ್ನೂ ಬಿಡಲಿಲ್ಲ. ಅವಳ ಉಗುರು ನನ್ನ ಚರ್ಮಕ್ಕಿಳಿಯುತ್ತಿತ್ತು.

"ಎಲ್ಲಾ ಸರಿಯಾಗಿ ಕೂತಿವೆ ಕಣೇ."

ಹಿಡಿತ ಸಡಿಲಾಯಿತು. ಹೊರಗೆ ಕಾರಿನವನು ಹಾರ್ನ್ ಹೊಡೆದ. ಅವಳು ಕನ್ನಡಕ ತೆಗೆದು ಒರೆಸಿದಳು, ಅದರಿಂದ ಏನು ಕಾಣುತ್ತಿತ್ತೋ. ಆಮೇಲೆ ನನ್ನನ್ನು ಒಂದೇ ಒಂದು ಕೇಳಿಕೊಂಡಳು. ಇನ್ನೊಂದು ಕೇಳಲು ಅವಳಿಗೆ ಎಚ್ಚರವಾಗಲೇ ಇಲ್ಲ.

"ನಾಳೆ ನಾನು ಏಳದೇ ಹೋದ್ರೆ, ಪಾಪ, ಗೆದ್ದೆ ಅಂತ ಖುಷಿಪಡೋಕೂ ಆಗಲ್ಲ ಗುಮ್ಮ ಮೇಷ್ಟ್ರಿಗೆ. ಕಾರು ಕಾಯಲಿ. ಮೊದಲು ಅವರ ನಂಬರ್ ಒತ್ತಿ ಕೊಡಿ, ಅತ್ತಿಗೆ."