ನೆಗೆಣ್ಣಿಯ ಬಿಳಿ ಪಡಸಾಲೆ

ಗಂಡ ಮತ್ತು ಮೈದುನ ಬೇರೆಯಾದಾಗ ಕರೋಶಿಯ ನಮ್ಮ ದೊಡ್ಡ ಮನೆಯ ನಟ್ಟನಡುವೆ ಇಟ್ಟಿಗೆಯ ಗೋಡೆಯೊಂದು ಎದ್ದಿತು. ಆಚೆಯದು ಮೈದುನನಿಗೆ, ಈಚೆಯದು ನಮಗೆ. ಅತ್ತೆ, ಮದುವೆಯಾಗದ ನಾದಿನಿ ಇಬ್ಬರೂ ನಮ್ಮ ಕಡೆಯೇ ಉಳಿದರು. ಎರಡೂ ಕಡೆ ಒಂದೇ ಅಳತೆಯ ಪಡಸಾಲೆ. ಮೈದುನನಿಗೆ ಚಿಕ್ಕೋಡಿಯಲ್ಲಿ ನೌಕರಿ. ಹೊಲ ನೋಡಿಕೊಳ್ಳುವವರು ನನ್ನ ಗಂಡ. ಹಾಗಾಗಿ ಹೊಲದ ತಂಬಾಕೆಲ್ಲ ನಮ್ಮ ಪಡಸಾಲೆಗೇ ಬಂದು, ನಿಪ್ಪಾಣಿಯ ವ್ಯಾಪಾರಿ ಬರುವತನಕ ಚೀಲಗಳಲ್ಲಿ ಸೂರು ಮುಟ್ಟುವಷ್ಟು ಒಟ್ಟಿಕೊಂಡಿರುತ್ತಿತ್ತು. ಬಂದವರು ಆ ಚೀಲಗಳಿಗೇ ಬೆನ್ನು ಕೊಟ್ಟು ಚಹಾ ಕುಡಿಯುತ್ತಿದ್ದರು. ಇದು ನನಗೆ ಒಂದು ದಿನವೂ ಕೊರತೆ ಅನಿಸಿರಲಿಲ್ಲ, ನೆಗೆಣ್ಣಿ ಆಚೆಯ ಪಡಸಾಲೆಯನ್ನು ಸಿಂಗರಿಸುವವರೆಗೆ.

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಅಥಣಿ ಕಡೆಯ ದ್ರಾಕ್ಷಿ ತೋಟದವರ ಮಗಳು. ಎಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಮ್ಮೂರ ಅನುಕೂಲಸ್ಥರೆಲ್ಲ ಗೋಡೆಗೆ ಹಸಿರೋ ನೀಲಿಯೋ ಆಯಿಲ್ ಪೇಂಟ್ ಹೊಡೆಸುತ್ತಿದ್ದರು. ಇವಳು ಗೋಡೆಗೆ ಬಿಳಿ ಡಿಸ್ಟೆಂಪರ್ ಬಳಿಸಿದಳು. ಬೋರಗಾಂವದ ಮಗ್ಗದಿಂದ ಬಿಳಿ ಬಟ್ಟೆ ತರಿಸಿ ಪರದೆ ಹೊಲಿದಳು, ಅಂಚಿಗೆ ತಾನೇ ಕ್ರೋಶಾ ಹೆಣೆದಳು. ಕುರ್ಚಿಗಳಿಗೆ ಬಿಳಿ ಕವರು, ಮಂಚದ ಮೇಲೆ ಬಿಳಿ ಚಾದರ, ರೇಡಿಯೋಕ್ಕೂ ಒಂದು ಬಿಳಿ ಮುಸುಕು. ಕಿಟಕಿಯಲ್ಲಿ ಗಾಜಿನ ಗ್ಲಾಸಿನೊಳಗೆ ನಿಶಿಗಂಧದ ಹೂವಿನ ಕಡ್ಡಿ.

ಮೊದಲು ನೋಡಲು ಹೋದವರು ಅತ್ತೆ. ಹೊಸ್ತಿಲಲ್ಲೇ ನಿಂತು, "ಇದೇನ ಬೇ, ಸತ್ತವ್ರ ಮನಿ ಮಾಡೀ? ಬ್ಯಾರೆ ಬಣ್ಣ ಸಿಗಲಿಲ್ಲೇನ?" ಎಂದರು. ನನಗೆ ಎದೆ ತುಂಬಿ ಬಂತು. ಅದೇ ಅತ್ತೆ ಎಂಟು ದಿನ ಕಳೆಯುವಷ್ಟರಲ್ಲಿ ಮಧ್ಯಾಹ್ನ ಊಟವಾದೊಡನೆ ಅರಳೆಯ ಬುಟ್ಟಿ ಹಿಡಿದು ಆಚೆ ಹೋಗಿ, ಅಲ್ಲಿಯೇ ಬತ್ತಿ ಹೊಸೆಯುತ್ತ ಕೂರತೊಡಗಿದರು. ನನ್ನ ಕಡೆ ಬರುವುದು ಊಟಕ್ಕೆ ಮಾತ್ರ.

ಅದನ್ನೂ ಸಹಿಸಬಹುದಿತ್ತು. ಒಂದು ಸಂಜೆ ಗಂಡ ತಮ್ಮನನ್ನು ಮಾತಾಡಿಸಿ ಬಂದವರು ಚಪ್ಪಲಿ ಬಿಡುತ್ತ, "ಎಷ್ಟ ತಂಪ ಅನಸ್ತೈತಿ ಮಾರಾಯ್ತಿ ಆ ಖೋಲ್ಯಾಗ! ಬಿಸಲಾಗಿಂದ ಬಂದ್ರ ಕಣ್ಣಿಗೆ ಹಿತ" ಎಂದರು. ನಾನು ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿದೆ. ನನ್ನ ಮನೆಯ ಯಾವುದರ ಬಗ್ಗೆಯೂ ಅವರು ಹಾಗೆ ಅಂದದ್ದಿಲ್ಲ.

ಆ ವರ್ಷ ನಾದಿನಿಯನ್ನು ನೋಡಲು ರಾಯಬಾಗದಿಂದ ಗಂಡಿನ ಕಡೆಯವರು ಬಂದರು. ಅತ್ತೆ ನನ್ನನ್ನು ಒಂದು ಮಾತೂ ಕೇಳದೆ, "ಮಂದೀನ ಸಣ್ಣಾಕಿ ಕಡೆ ಕುಂದರಸೂನು. ನಿನ್ನ ಕಡೆ ತಂಬಾಕಿನ ಧೂಳಿಗೆ ಸೀನ ಬರ್ತಾವ" ಎಂದರು. ಒಲೆಯ ಮುಂದೆ ಬೆವರಿ ಹೋಳಿಗೆ ಮಾಡಿದವಳು ನಾನು. ತಟ್ಟೆ ಹಿಡಿದು ಆಚೆ ಹೋದರೆ ಗಂಡಿನ ತಾಯಿ ಪರದೆಯ ಲೇಸು ಮುಟ್ಟಿ ನೋಡುತ್ತ, "ಯಾರ ಕೈಯಾಗಿನ ಕೆಲಸರಿ ಇದು?" ಎಂದು ಕೇಳುತ್ತಿದ್ದರು. ಹೋಳಿಗೆ ಯಾರು ಮಾಡಿದರೆಂದು ಯಾರೂ ಕೇಳಲಿಲ್ಲ.

ಹೊರಡುವ ಹೊತ್ತಿಗೆ ಅವರ ಕಡೆಯ ಮುದುಕರೊಬ್ಬರು ಎಲೆ ಅಡಿಕೆ ಹಾಕಿಕೊಂಡು, ಕೆಂಪಾದ ಬೆರಳನ್ನು ಕುರ್ಚಿಯ ಕವರಿಗೇ ಒರೆಸಿಬಿಟ್ಟರು. ನಾನು ಬಾಗಿಲ ಬಳಿ ನಿಂತು ನೋಡಿದೆ. ಬೇಸಿಗೆಯಲ್ಲಿ ಮಜ್ಜಿಗೆ ಕುಡಿದ ಹಾಗೆ ಹೊಟ್ಟೆ ತಣ್ಣಗಾಯಿತು. ನೆಗೆಣ್ಣಿ ಅತ್ತಾಳು, ಮುಖ ಸಿಂಡರಿಸಿಯಾಳು ಎಂದು ಕಾದೆ. ಅವಳು ನಗುತ್ತಲೇ ಬೀಗರನ್ನು ಕಳಿಸಿ, ಕವರು ಬಿಚ್ಚಿ, ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿದಳು. ಮರುದಿನ ಅದು ಹಿತ್ತಲಿನ ಹಗ್ಗದ ಮೇಲೆ ಮೊದಲಿಗಿಂತ ಬೆಳ್ಳಗೆ ಹಾರಾಡುತ್ತಿತ್ತು. ಅದನ್ನು ನೋಡಿದ ಮೇಲೆ ನನಗೆ ಅನ್ನ ಸೇರಲಿಲ್ಲ.

ಆವತ್ತೇ ಗಂಡನಿಗೆ ಹೇಳಿದೆ: "ತಂಬಾಕ ಈ ಪಡಸಾಲಿಯಿಂದ ಹೊರಗ ಹೋಗಬೇಕ್ರಿ."

"ಎಲ್ಲಿ ಇಡ್ಲಿ? ನನ್ನ ತಲಿ ಮ್ಯಾಲೆ?"

"ಎಲ್ಲರೆ ಇಡ್ರಿ. ಅದರ ಇರಬೇಕು, ನಾನರ ಇರಬೇಕು."

ಅವರು ನಕ್ಕರು. ನಾನು ಮಕ್ಕಳ ಬಟ್ಟೆ ಗಂಟು ಕಟ್ಟಿ ತವರಿನ ದಾರಿ ಹಿಡಿಯಲು ಹೊರಟಾಗ ನಗು ನಿಂತಿತು. ದನದ ಕೊಟ್ಟಿಗೆಯ ಪಕ್ಕದಲ್ಲಿ ಪತ್ರಾಸು ತಗಡಿನ ಶೆಡ್ಡು ಎದ್ದಿತು, ಚೀಲಗಳೆಲ್ಲ ಅಲ್ಲಿಗೆ ಹೋದವು. ಖಾಲಿ ಪಡಸಾಲೆಯನ್ನು ನಾನು ಮೂಲೆ ಮೂಲೆ ಗುಡಿಸಿ, ತೊಳೆದು, ಡಿಸ್ಟೆಂಪರ್ ಬೇಕೆಂದು ಕೇಳಲು ಮನಸ್ಸಾಗದೆ ಸುಣ್ಣ ಕಲಸಿ ನಾನೇ ಬಳಿದೆ. ಬೆಳಕು ಬಿದ್ದಾಗ ನಿಜವಾಗಿಯೂ ಚೆನ್ನಾಗಿ ಕಂಡಿತು.

ಆದರೆ ಆ ಸುಣ್ಣ ಗೋಡೆಯಲ್ಲಿ ನಿಲ್ಲಲಿಲ್ಲ. ಒರಗಿದವರ ಬೆನ್ನಿಗೆಲ್ಲ ಹತ್ತಿತು. ಮಕ್ಕಳು ಬೆನ್ನು ಬೆಳ್ಳಗೆ ಮಾಡಿಕೊಂಡೇ ಶಾಲೆಗೆ ಹೋದರು. ಗಂಡನನ್ನು ನೋಡಿ ಊರ ಕಟ್ಟೆಯಲ್ಲಿ, "ಏನಪಾ, ಗ್ವಾಡಿ ಹೊತಗೊಂಡ ಬಂದಿ?" ಎಂದು ನಗಾಡಿದರು. ನೆಗೆಣ್ಣಿ ಬಂದು, ತನ್ನ ಕರಿ ಇಳಕಲ್ ಸೀರೆಗೆ ಹತ್ತಿದ್ದನ್ನು ಕೊಡವುತ್ತ ಕೇಳಿದಳು: "ಸುಣ್ಣಕ್ಕ ಡಿಂಕ ಹಾಕಲಿಲ್ಲೇನ್ರಿ ಅಕ್ಕಾ? ಅಂಟ ಇಲ್ದ ಗ್ವಾಡಿ ಹಿಡ್ಯೂದಿಲ್ಲ. ನಾಳೆ ಇಬ್ಬರೂ ಕೂಡಿ ಬಳಿಯೂನು."

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಬ್ಯಾಡ ತಗೋ, ನಾನ ಬಳೀತೀನಿ" ಎಂದೆ. ಡಿಂಕ ಮಾತ್ರ ತರಿಸಿದೆ.

ಆ ಚಳಿಗಾಲದಲ್ಲಿ ನಾನು ಎಣಿಸದೇ ಇದ್ದ ಒಂದು ಸಂಗತಿ ನಡೆಯಿತು. ನನ್ನ ಸಣ್ಣ ಮಗಳಿಗೆ ಹುಟ್ಟಿದಾಗಿನಿಂದ ಕೆಮ್ಮು. ನಿಪ್ಪಾಣಿಯ ಡಾಕ್ಟರ ಔಷಧಿ, ಅತ್ತೆಯ ಕಷಾಯ, ಯಾವುದಕ್ಕೂ ಬಗ್ಗಿರಲಿಲ್ಲ. ಚೀಲಗಳು ಹೊರಗೆ ಹೋದ ಮೇಲೆ ಅದು ದಿನದಿನಕ್ಕೆ ಇಳಿಯುತ್ತ ಬಂದು ಸಂಕ್ರಾಂತಿಯ ಹೊತ್ತಿಗೆ ಪೂರ್ತಿ ನಿಂತುಹೋಯಿತು. ಅತ್ತೆ ಅವಳ ಎದೆಗೆ ಕಿವಿ ಹಚ್ಚಿ ಕೇಳಿ, "ಧೂಳ ಹೋತು, ಕೂಸು ಉಳೀತು. ಛಲೋ ಮಾಡಿದಿ ನೀ" ಎಂದರು. ಮದುವೆಯಾಗಿ ಬಂದ ಮೇಲೆ ಅವರ ಬಾಯಿಂದ ನಾನು ಕೇಳಿದ ಮೊದಲ ಶಾಬಾಸ್‌ಗಿರಿ ಅದು.

ಹಾಗೆಂದು ನನ್ನ ಹೊಟ್ಟೆಕಿಚ್ಚು ಆರಲಿಲ್ಲ. ಅತ್ತೆ ಶಾಬಾಸ್ ಹೇಳಿ ಮುಗಿಸಿದವರೇ ಅರಳೆಯ ಬುಟ್ಟಿ ಎತ್ತಿಕೊಂಡು ಆಚೆ ಹೊರಟರು. ನಾನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗೋಡೆಯಾಚೆ ಅವರಿಬ್ಬರೂ ನಗುವುದನ್ನು ಕೇಳುತ್ತ ಕೂತೆ.