ಜಾಂಡೀಸ್ ಎಂಬ ಸುಳ್ಳು

ಮಗಳಿಗೆ ಜಾಂಡೀಸ್ ಎಂದು ನನ್ನ ಗಂಡ ದೋಹಾದಲ್ಲಿದ್ದ ನಮ್ಮೂರಿನವರಿಗೆಲ್ಲ ಹೇಳಿಬಿಟ್ಟಿದ್ದರು. ಹಾಗೆ ಹೇಳಿಸಿದ್ದು ಬಾಣಂತನಕ್ಕೆಂದು ಉಡುಪಿಯಿಂದ ಬಂದಿದ್ದ ಅತ್ತೆ. ನಿಜ ಏನೆಂದರೆ, ಹುಟ್ಟಿದ ಮರುದಿನ ಜೋರಾಗಿ ಅತ್ತಾಗ ಮಗುವಿನ ಗರ್ಭಕೋಶ ಜಾರಿ, ಅದರ ಬಾಯಿ ಕೆಂಪಗೆ ಹೊರಗೆ ಕಾಣಿಸಿಕೊಂಡಿತ್ತು. ಡಾಕ್ಟರು ಅದನ್ನು ಮೆಲ್ಲಗೆ ಒಳಗೆ ಸೇರಿಸಿದರು. ಬೆನ್ನುಹುರಿಯ ದೋಷದಿಂದಲೂ ಹೀಗಾಗುತ್ತದಂತೆ; ಅದರ ಸ್ಕ್ಯಾನ್ ಮಾಡಿಸಿ, ತೊಂದರೆಯಿಲ್ಲ, ವಾಸಿಯಾಗುತ್ತದೆ ಎಂದರು. ಮತ್ತೆ ಹೊರಬಂದರೆ ಒಣಗಲು ಬಿಡದೆ, ಸಲೈನ್‌ನಲ್ಲಿ ಅದ್ದಿದ ಬಟ್ಟೆ ಮುಚ್ಚಿ ಕೂಡಲೇ ಕರೆತರಬೇಕು ಎಂದೂ ಹೇಳಿದರು.

ವಾಸಿಯಾಗುವ ಕಾಯಿಲೆಗೆ ಸುಳ್ಳು ಯಾಕೆ? ಅದರ ಮೇಲೆ, ನಾನು ಬಸುರಿಯಾಗಿದ್ದಾಗ ಕೆಲಸಕ್ಕೆಂದು ಕಂಪನಿ ಬಸ್ಸಿನಲ್ಲಿ ದೂರದ ಅಲ್ ಖೋರ್‌ಗೆ ಕುಲುಕಿಕೊಂಡು ಹೋದದ್ದೇ ಮಗುವಿಗೆ ಹೀಗಾಗಲು ಕಾರಣವೆಂದು ಅತ್ತೆಯ ವಾದ. ಆ ರಸ್ತೆಯಲ್ಲಿ ಕೈಯಲ್ಲಿರುವ ಚಹಾ ಕೂಡ ತುಳುಕುವುದಿಲ್ಲ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು.

ಇಲ್ಲಿ ವಾರದ ರಜೆಯಾದ ಶುಕ್ರವಾರ, ಚರ್ಚಿನ ಪೂಜೆ ಮುಗಿಸಿ ನಮ್ಮೂರಿನವರು ಒಂದಷ್ಟು ಮಂದಿ ಮಗು ನೋಡಲು ಅಲ್ ಹಿಲಾಲ್‌ನ ನಮ್ಮ ಮನೆಗೆ ಬಂದರು. ಒಳಕೋಣೆಯಲ್ಲಿ ಮಗು ಅತ್ತಿತು, ಗರ್ಭಕೋಶ ಮತ್ತೆ ಹೊರಬಂತು. ಒದ್ದೆ ಬಟ್ಟೆ ಮುಚ್ಚಿ ಹೊರಡೋಣವೆಂದೆ. ಬಂದವರ ಕಾರು ನಮ್ಮ ಕಾರಿಗೆ ಅಡ್ಡವಾಗಿ ನಿಂತಿತ್ತು.

"ಈಗ ಹೊರಟ್ರೆ ಎಲ್ಲ ಹಿಂದೆಯೇ ಆಸ್ಪತ್ರೆಗೆ ಬರ್ತಾರೆ" ಎಂದರು ಗಂಡ, ಜ್ಯೂಸಿನ ಟ್ರೇ ಹಿಡಿದುಕೊಂಡು.

"ಅವರೊಮ್ಮೆ ಹೋಗ್ಲಿ ಮಾರಾಯ್ತಿ. ಹೆಣ್ಣು ಮಗು ಅಲ್ವಾ, ನಾಳೆ ಮದುವೆ ಆಗ್ಲಿಕ್ಕೆ ಬೇಡ್ವಾ?" ಎಂದರು ಅತ್ತೆ.

ಹಾಲುಗಲ್ಲದ ಕೂಸಿಗೆ ಮದುವೆಯ ಚಿಂತೆ. ಮೈಯೆಲ್ಲ ಉರಿಯಿತು. ಮಗುವನ್ನೆತ್ತಿಕೊಂಡು ಹಾಲ್‌ಗೆ ಹೋದೆ.

"ಜಾಂಡೀಸ್ ಸುಳ್ಳು. ಮಗುವಿನ ಗರ್ಭಕೋಶ ಹೊರಗೆ ಬಂದಿದೆ. ನಿಮ್ಮ ಕಾರು ತೆಗೀರಿ."

ಒಬ್ಬರು ಗ್ಲಾಸು ಕೆಳಗಿಟ್ಟು ಕೀ ಹಿಡಿದು ಓಡಿದರು. ಅಷ್ಟೇ ಆದದ್ದು. ಯಾರ ಮಾನವೂ ಹೋಗಲಿಲ್ಲ.

ಗಂಡ ಕಾರು ಓಡಿಸಿದರು, ಅತ್ತೆ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕುಳಿತರು. ಆಮೇಲೆ ಮಗನಿಗೆ ಕೇಳಿಸದಂತೆ ನನ್ನ ಕಿವಿಯ ಹತ್ತಿರ ಬಂದರು.

"ನಂಗೂ ಹೀಗೇ ಉಂಟು. ಇವ ಹುಟ್ಟಿದಾಗಿಂದ. ನಾನು ಯಾರಿಗಾದ್ರೂ ಹೇಳಿದ್ದೇನಾ?"

ಸಹಿಸಿಕೊಂಡದ್ದನ್ನು ದೊಡ್ಡಸ್ತಿಕೆ ಎಂಬಂತೆ ಹೇಳಿದರು. ಅವರ ಮೇಲಿದ್ದ ನನ್ನ ಸಿಟ್ಟು ಕರಗಲಿಲ್ಲ, ಆದರೆ ಅವರೊಬ್ಬರ ಮೇಲೆ ಮಾತ್ರ ಉಳಿಯಲೂ ಇಲ್ಲ.

ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ಕರೆದೊಯ್ಯುವಾಗ ನರ್ಸಿಗೆ ಅತ್ತೆಯನ್ನು ತೋರಿಸಿ ಹೇಳಿದೆ, ಆಮೇಲೆ ಇವರನ್ನೂ ಯಾರಾದರೂ ನೋಡಬೇಕು, ಇವರಿಗೂ ಇದೇ ತೊಂದರೆ ಎಂದು. ಅತ್ತೆ ನನ್ನ ತೋಳು ಜಗ್ಗಿದರು. ನಾನು ದನಿ ತಗ್ಗಿಸಲಿಲ್ಲ.